ಸಹಾಯ ಬೇಕು: ನಾಲ್ಕು ವರ್ಷದ ಮಗಳಿಗೆ ‘ಗುರುತಿಲ್ಲದವರು’ ಅಂದ್ರೆ ಯಾರು ಅಂತ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಲಾಲ್‌ಬಾಗ್‌ನಲ್ಲಿ, ಗಾಜಿನ ಮನೆ ಹತ್ತಿರ, ನೀರಿನ ಬಾಟಲಿಗೆ ಅಂತ ಬ್ಯಾಗಿನೊಳಗೆ ಕೈ ಹಾಕಿದೆ, ಅಷ್ಟೇ. ತಲೆ ಎತ್ತಿದರೆ ಮಗಳು ಇಲ್ಲ. ಇಪ್ಪತ್ತು ಹೆಜ್ಜೆ ಆಚೆ ಯಾರದ್ದೋ ಕಿರುಬೆರಳು ಹಿಡಿದುಕೊಂಡು ನಡೆಯುತ್ತಿದ್ದಳು. ನಾನು ಕೂಗಿದ ತಕ್ಷಣ ಆ ವ್ಯಕ್ತಿ ಕೈ ಬಿಟ್ಟು ಜನರ ನಡುವೆ ಹೊರಟುಹೋದರು. "ಅಂಕಲ್ ನಾಯಿಮರಿ ತೋರಿಸ್ತಾರಂತೆ" ಅಂದಳು. ಮನೆ ಸೇರುವವರೆಗೂ ನನ್ನ ಕೈ ನಡುಕ ನಿಲ್ಲಲಿಲ್ಲ.

ಅವಳದೇನೂ ತಪ್ಪಿಲ್ಲ. ಹಾಲಿನವರು, ಆಟೋದವರು, ಎದುರು ಮನೆಯವರು, ಎಲ್ಲರನ್ನೂ ಅಂಕಲ್, ಆಂಟಿ, ತಾತ ಅಂತ ಕರೆಯಲು ಕಲಿಸಿದ್ದು ನಾವೇ ಅಲ್ವಾ? ಅದೂ ಅಲ್ಲದೆ, ಗುರುತಿರುವವರಿಂದಲೇ ಮಕ್ಕಳಿಗೆ ತೊಂದರೆ ಆಗುವುದು ಜಾಸ್ತಿ ಅಂತಾರೆ. ಹಾಗಾಗಿ ಈಗ ಒಂದೇ ನಿಯಮ: ಅಮ್ಮನನ್ನು ಕೇಳದೆ ಯಾರ ಜೊತೆಗೂ ಹೋಗುವಂತಿಲ್ಲ, ಪರಿಚಯದವರು ಕರೆದರೂ ಸರಿ. ಹೊರಡುವ ಮುಂಚೆ ಅವಳ ಮುಂಗೈ ಮೇಲೆ ಬಾಲ್‌ಪೆನ್‌ನಲ್ಲಿ ನನ್ನ ನಂಬರ್ ಬರೆಯುತ್ತೇನೆ, ಹಾಕಿರುವ ಬಟ್ಟೆ ಕಾಣುವ ಹಾಗೆ ಒಂದು ಫೋಟೊ ತೆಗೆಯುತ್ತೇನೆ. ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098 ಮೊಬೈಲ್‌ನಲ್ಲಿ ಸೇವ್ ಮಾಡಿದ್ದೇನೆ.

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಅವಳನ್ನು ಕರೆದುಕೊಂಡು ಹೋಗುವ ಆಸೆ. ಆ ನೂಕುನುಗ್ಗಲಿನಲ್ಲಿ ಸುಮ್ನೆ ಕೈ ಹಿಡಿದರೆ ಸಾಕಾ? ಅಮ್ಮನ ಕೈಗೂ ಮಗುವಿನ ಕೈಗೂ ಸೇರಿಸಿ ಕಟ್ಟುವ ಬೆಲ್ಟ್ ಬಳಸಿದವರು ಇದ್ದೀರಾ? ಕಳೆದುಹೋದರೆ ಯಾರ ಹತ್ತಿರ ಹೋಗು ಅಂತ ನಿಮ್ಮ ಮಕ್ಕಳಿಗೆ ಹೇಳಿದ್ದೀರಿ? ಪೊಲೀಸರಾ, ಅಂಗಡಿಯವರಾ, ಮಕ್ಕಳ ಜೊತೆ ಇರುವ ಅಮ್ಮಂದಿರಾ?

ಇನ್ನೊಂದು. ನಿನ್ನೆ ರಾತ್ರಿ ಮಲಗುವಾಗ "ಆ ಅಂಕಲ್ ಕೆಟ್ಟವರಾ ಅಮ್ಮಾ?" ಅಂತ ಕೇಳಿದಳು. ಹೆದರಿಸದೆ ಏನು ಹೇಳಲಿ?