ವಿಂಡೋಸ್ ವಿಎಂ ಸುಮ್ಮನಿದ್ದರೂ ಹೋಸ್ಟಿನ ಸಿಪಿಯು ಏಕೆ ದುಡಿಯುತ್ತದೆ?

ಪ್ರಶ್ನೆ: 4 ಕೋರ್‌ಗಳ ಉಬುಂಟು ಸರ್ವರಿನ (ಹೋಸ್ಟ್) ಮೇಲೆ, ಲಿನಕ್ಸಿನ ವರ್ಚುವಲೈಸೇಶನ್ ವ್ಯವಸ್ಥೆಯಾದ ಕೆವಿಎಂ ಬಳಸಿ ವಿಂಡೋಸ್ 10ರ ವರ್ಚುವಲ್ ಮಷೀನ್ (ವಿಎಂ, ಅಂದರೆ ಸಾಫ್ಟ್‌ವೇರಿನಿಂದ ಅನುಕರಿಸಿದ ಕಂಪ್ಯೂಟರ್) ನಡೆಸುತ್ತಿದ್ದೇನೆ. ಒಳಗಿನ ಟಾಸ್ಕ್ ಮ್ಯಾನೇಜರ್ ಶೇ. 2 ಎಂದು ತೋರಿಸುತ್ತಿರುವಾಗಲೇ, ಹೋಸ್ಟಿನಲ್ಲಿ ಟಾಪ್ ಕಮಾಂಡ್ ಕೊಟ್ಟು ನೋಡಿದರೆ ವಿಎಂ ನಡೆಸುವ ಕ್ಯೂಇಎಂಯು ಪ್ರೊಸೆಸ್ ಶೇ. 30ರಿಂದ ಕೆಳಗಿಳಿಯುವುದೇ ಇಲ್ಲ. ವಿಸಿಪಿಯುಗಳನ್ನು (ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯುಗಳು) 2ರಿಂದ 6ಕ್ಕೆ ಏರಿಸಿದ ಮೇಲೆ ಇನ್ನಷ್ಟು ಹೆಚ್ಚಾಯಿತು. ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ನನಗೂ ಹೀಗೆಯೇ ಆಗಿತ್ತು. ಒಳಗಿನ ಲೆಕ್ಕವೂ ಹೊರಗಿನ ಲೆಕ್ಕವೂ ಇಷ್ಟು ದೂರವಿದ್ದರೆ ಒಳಗಿನ ಪ್ರೋಗ್ರಾಮುಗಳನ್ನು ಶಂಕಿಸುವುದು ವ್ಯರ್ಥ. ಅದು ತಿಳಿಯದೆ ನಾನು ಎರಡು ದಿನ ವಿಂಡೋಸ್ ಸೇವೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಕುಳಿತಿದ್ದೆ. ವಿಂಡೋಸ್ ಸುಮ್ಮನಿರುವಾಗಲೂ ಸಮಯ ಎಣಿಸುವ ಟೈಮರನ್ನು ಮತ್ತೆ ಮತ್ತೆ ಕೆದಕುವುದನ್ನು ಬಿಡುವುದಿಲ್ಲ. ನಿಜವಾದ ಕಂಪ್ಯೂಟರಿನಲ್ಲಿ ಅದು ಲೆಕ್ಕಕ್ಕೇ ಬಾರದ ಕೆಲಸ. ವಿಎಂನಲ್ಲಾದರೋ ಟೈಮರನ್ನೇ ಸಾಫ್ಟ್‌ವೇರ್ ಅನುಕರಿಸುತ್ತಿರುವುದರಿಂದ, ಪ್ರತಿ ಸಲವೂ ಗೆಸ್ಟ್ (ಒಳಗಿನ ವಿಂಡೋಸ್) ನಿಂತು, ನಿಯಂತ್ರಣ ಹೋಸ್ಟಿಗೆ ಬಂದು, ಮತ್ತೆ ಒಳಗೆ ಮರಳಬೇಕಾಗುತ್ತದೆ. ಈ ಓಡಾಟದ ಖರ್ಚು ಹೋಸ್ಟಿನ ಖಾತೆಗೆ ಬೀಳುತ್ತದೆಯೇ ಹೊರತು ಟಾಸ್ಕ್ ಮ್ಯಾನೇಜರಿಗೆ ಕಾಣುವುದಿಲ್ಲ.

ವಿರ್ಶ್ ಎಡಿಟ್ ಕಮಾಂಡಿನ ಮೂಲಕ ವಿಎಂನ ಸೆಟ್ಟಿಂಗುಗಳಿರುವ ಎಕ್ಸ್‌ಎಂಎಲ್ ತೆರೆದು, ಕ್ಲಾಕ್ ಭಾಗದಲ್ಲಿ ಅನುಕರಿಸಿದ ಎಚ್‌ಪಿಇಟಿ ಟೈಮರಿಗೆ ‘ನೋ’ ಎಂದೂ, ವಿಎಂಗೆಂದೇ ಇರುವ ಹೈಪರ್‌ವಿಕ್ಲಾಕ್ ಟೈಮರಿಗೆ ‘ಯೆಸ್’ ಎಂದೂ ಬರೆಯಿರಿ. ಬಳಿಕ ಫೀಚರ್ಸ್ ಭಾಗದ ಹೈಪರ್‌ವಿ (ಮೈಕ್ರೋಸಾಫ್ಟಿನ ವರ್ಚುವಲೈಸೇಶನ್) ಒಳಗೆ ವಿಪಿಇಂಡೆಕ್ಸ್, ಸಿನಿಕ್, ಎಸ್‌ಟೈಮರ್ ಮೂರನ್ನೂ ಆನ್ ಮಾಡಿ. ಎಸ್‌ಟೈಮರ್ ಉಳಿದವುಗಳನ್ನು ಅವಲಂಬಿಸಿರುವುದರಿಂದ ಅದೊಂದನ್ನೇ ಹಾಕಿದರೆ ನಡೆಯದು.

ಇನ್ನೊಬ್ಬರ ಉತ್ತರ: ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಮೊದಲು ಆ 6 ವಿಸಿಪಿಯುಗಳನ್ನು 2ಕ್ಕೆ ಇಳಿಸಿ. ಇರುವುದೇ 4 ಕೋರ್‌ಗಳಾಗಿರುವಾಗ 6 ಕೊಡುವುದು ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದಂತೆ. ಪ್ರತಿ ವಿಸಿಪಿಯುಗೂ ಅದರದೇ ಟೈಮರ್ ಕಾಟವಿರುತ್ತದೆ. ಹೋಸ್ಟ್ ಕೈಗೆ ಸಿಗದ ಬಾಡಿಗೆಯ ಲಿನಕ್ಸ್ ವಿಎಂಗಳಲ್ಲಿ ಕಥೆಯೇ ಬೇರೆ. ಅಲ್ಲಿ ಟಾಪ್‌ನ ಸಿಪಿಯು ಸಾಲಿನ ಕೊನೆಯಲ್ಲಿರುವ ‘ಎಸ್‌ಟಿ’ (ಸ್ಟೀಲ್, ಅಂದರೆ ಕಳವಾದ ಸಮಯದ ಶೇಕಡಾವಾರು) ಅಂಕಿಯನ್ನು ನೋಡಬೇಕು. ನನ್ನ ಒಂದು ವಿಎಂನಲ್ಲಿ ಅದು 40 ದಾಟಿತ್ತು, ಎಂದರೆ ನಮ್ಮ ಪಾಲಿನ ಸಮಯವನ್ನು ಹೈಪರ್‌ವೈಸರ್ (ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್) ಬೇರೆಯವರಿಗೆ ಹಂಚುತ್ತಿತ್ತು. ಬೇರೆ ಹೋಸ್ಟಿಗೆ ವರ್ಗಾಯಿಸಿಕೊಂಡ ಮೇಲಷ್ಟೇ ಸರಿಹೋಯಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಬದಲಾವಣೆ ಮಾಡಿ ವಿಂಡೋಸ್ ಒಳಗಿನಿಂದಲೇ ರೀಸ್ಟಾರ್ಟ್ ಕೊಟ್ಟಾಗ ಏನೂ ಆಗದೆ ನಿರಾಶನಾಗಿದ್ದೆ. ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ ಹೊಸದಾಗಿ ಸ್ಟಾರ್ಟ್ ಮಾಡಿದಾಗಲೇ ಹೊಸ ಎಕ್ಸ್‌ಎಂಎಲ್ ಜಾರಿಗೆ ಬಂತು. ಈಗ 2 ವಿಸಿಪಿಯುಗಳೊಂದಿಗೆ ಹೋಸ್ಟಿನಲ್ಲಿ ಶೇ. 4ರ ಆಸುಪಾಸು ನಿಂತಿದೆ.