ಪದಚರ್ಚೆ: ಸ್ಟೋರೇಜ್ ಫರ್ಮ್‌ವೇರ್ ಸೂಚನೆಯಲ್ಲಿ ‘ಮಿತಿ’, ‘ಆಗದು’, ‘ಕೂಡದು’ – ಯಾವುದು ಎಲ್ಲಿ?

ಗೆಳೆಯರೇ, ನಮಸ್ಕಾರ.

ನಾನು ವೈಟ್‌ಫೀಲ್ಡ್ ಕಡೆಯ ಒಂದು ಡೇಟಾ ಸೆಂಟರ್‌ನಲ್ಲಿ ಸ್ಟೋರೇಜ್ ವಿಭಾಗ ನೋಡಿಕೊಳ್ಳುತ್ತೇನೆ. ಒಂದು ಪೆಟ್ಟಿಗೆ ತುಂಬ ಡಿಸ್ಕ್‌ಗಳು, ಅವನ್ನು ನಡೆಸಲು ಎರಡು ಕಂಟ್ರೋಲರ್. ಇದನ್ನು ಅರೇ ಅನ್ನುತ್ತೇವೆ. ಇದಕ್ಕೆ ಹೊಸ ಫರ್ಮ್‌ವೇರ್ (ಯಂತ್ರದೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ) ಬಂದಾಗಲೆಲ್ಲ ಜೊತೆಗೆ ಒಂದು ಇಂಗ್ಲಿಷ್ ಟಿಪ್ಪಣಿಯೂ ಬರುತ್ತದೆ. ಹೊಸದಾಗಿ ಏನು ಸೇರಿದೆ, ಏನು ಆಗುವುದಿಲ್ಲ ಎಂಬ ವಿವರ ಅದರಲ್ಲಿರುತ್ತದೆ. ರಾತ್ರಿ ಪಾಳಿಯ ಹುಡುಗರಿಗಾಗಿ ಅದನ್ನು ಕನ್ನಡದಲ್ಲಿ ಚಿಕ್ಕ ಹಾಳೆಯಾಗಿ ಬರೆದು ಕೊಡುವುದು ನನ್ನ ಕೆಲಸ. ತುಮಕೂರು, ಕೋಲಾರ, ಹಾವೇರಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದವರು ಇವರು. ಕಂಟ್ರೋಲರ್ ‘ಬಿತ್ತು’, ಡಿಸ್ಕ್ ‘ಹೋಯ್ತು’, ರೀಬಿಲ್ಡ್ (ಹೋದ ಡಿಸ್ಕಿನ ಡೇಟಾವನ್ನು ಬದಲಿ ಡಿಸ್ಕಿನಲ್ಲಿ ಮತ್ತೆ ಕಟ್ಟುವುದು) ‘ಓಡ್ತಿದೆ’ ಅಂತ ಅವರವರೇ ಮಾತಾಡಿಕೊಳ್ಳುವಾಗ ಯಾರಿಗೂ ಗೊಂದಲವಿಲ್ಲ. ಹಾಳೆಯಲ್ಲಿ ಮಾತ್ರ ಒಂದು ತಲೆಬರಹ ತೊಡಕು ಕೊಡುತ್ತಿದೆ: ‘ಲಿಮಿಟೇಶನ್ಸ್’.

ಎಲ್ಲರೂ ಇದಕ್ಕೆ ‘ಮಿತಿಗಳು’ ಅಂತ ಹಾಕುತ್ತಾರೆ. ನಮ್ಮಲ್ಲಿ ಹಿಂದಿನಿಂದ ಬಂದ ಹಾಳೆಗಳಲ್ಲೂ ಅದೇ ಇದೆ. ಅದರ ಕೆಳಗೆ ‘ರೆಪ್ಲಿಕೇಶನ್ ಇರುವ ವಾಲ್ಯೂಮ್‌ಗೆ ಕಂಪ್ರೆಶನ್ ಇಲ್ಲ’ ಎಂಬ ಸಾಲಿತ್ತು. ಅಂದರೆ, ಬೇರೆ ಅರೇಗೂ ನಕಲು ಹೋಗುತ್ತಿರುವ ಜಾಗದ ಭಾಗದಲ್ಲಿ (ವಾಲ್ಯೂಮ್) ಡೇಟಾವನ್ನು ಕುಗ್ಗಿಸಿ ಇಡಲು ಬರುವುದಿಲ್ಲ. ಪಾಳಿಯಲ್ಲಿದ್ದ ಹುಡುಗ ಫೋನ್ ಮಾಡಿ, “ಸರ್, ಮಿತಿ ಅಂತ ಇದೆ, ಎಷ್ಟರವರೆಗೆ ಅಂತ ಇಲ್ವಲ್ಲ?” ಎಂದು ಕೇಳಿದ. ಅವನು ಕೇಳಿದ್ದು ನೂರಕ್ಕೆ ನೂರು ಸರಿ. ಮಿತಿ ಅಂದ ಮೇಲೆ ಒಂದು ಅಳತೆ ಇರಬೇಕಲ್ವಾ? ವೇಗದ ಮಿತಿ, ವಯೋಮಿತಿ, ಕಾಲಮಿತಿ, ಎಲ್ಲದರಲ್ಲೂ ಒಂದು ಅಂಕಿ ಇದೆ. ಪದದ ಬೇರೇ ‘ಅಳೆ’ ಎಂಬ ಅರ್ಥದ ಸಂಸ್ಕೃತ ಧಾತು. ‘ಮಿತವಾಗಿ ತಿನ್ನು’ ಅಂದರೂ ಅಳತೆಯ ಮಾತೇ.

ಫರ್ಮ್‌ವೇರ್ ಟಿಪ್ಪಣಿಯಲ್ಲಿ ಅಂಥ ನಿಜವಾದ ಮಿತಿಗಳೂ ಇರುತ್ತವೆ. ಒಂದು ವಾಲ್ಯೂಮ್‌ಗೆ ಇಷ್ಟೇ ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ಡೇಟಾ ಹೇಗಿತ್ತೋ ಹಾಗೆ ಉಳಿಸಿದ ಪ್ರತಿ) ಎಂಬುದು ಮಿತಿ. ಹಳೆಯ ವ್ಯವಸ್ಥೆಗಳಲ್ಲಿ ಒಂದು ಡಿಸ್ಕ್ ಸುಮಾರು 2.2 ಲಕ್ಷ ಕೋಟಿ ಬೈಟ್ ದಾಟುವಂತಿರಲಿಲ್ಲ. ಡಿಸ್ಕಿನ ಜಾಗವನ್ನು 512 ಬೈಟಿನ ತುಂಡುಗಳಾಗಿ ಎಣಿಸಿ, ಆ ಎಣಿಕೆ ಬರೆದಿಡಲು 32 ಬಿಟ್ ಮಾತ್ರ ಇಟ್ಟಿದ್ದರು. 2ರ 32ನೇ ಘಾತವನ್ನು 512ರಿಂದ ಗುಣಿಸಿದರೆ ಅದೇ ಅಂಕಿ ಬರುತ್ತದೆ. ಹಲವು ಡಿಸ್ಕ್‌ಗಳನ್ನು ಗುಂಪಾಗಿ ಕಟ್ಟುವ ರೇಡ್ 6 ಎಂಬ ವಿಧಾನದಲ್ಲಿ ಒಂದು ಗುಂಪಿನ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಅವು ಸರಿಹೋಗುವ ಮೊದಲೇ ಮೂರನೆಯದೂ ಹೋದರೆ ಇಲ್ಲ. ಇವಕ್ಕೆಲ್ಲ ‘ಮಿತಿ’ ಒಪ್ಪುತ್ತದೆ.

ಆದರೆ ಅದೇ ತಲೆಬರಹದಡಿ ಬೇರೆ ಜಾತಿಯವೂ ಇವೆ. ಕಂಪ್ರೆಶನ್ ಸಾಲನ್ನೇ ನೋಡಿ. ಗುಂಡಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಇದು ‘ಆಗದು’. ಇನ್ನೊಂದು ಸಾಲು: ಅಪ್‌ಡೇಟ್ ನಡೆಯುವಾಗ ಡಿಸ್ಕ್ ಎಳೆಯಬಾರದು. ಎಳೆದರೆ ಯಂತ್ರವೇನೂ ಕೈ ಹಿಡಿದು ತಡೆಯುವುದಿಲ್ಲ. ಎಳೆಯಬಹುದು, ಎಳೆಯಕೂಡದು ಅಷ್ಟೇ. ಮೂರನೆಯದು, ಕಂಟ್ರೋಲರ್ ಮತ್ತೆ ಎದ್ದ ಮೇಲೆ ಬ್ಯಾಟರಿ ಸರಿಯಿದ್ದರೂ ಸರಿಯಿಲ್ಲ ಅಂತ ಸುಮ್ನೆ ಎಚ್ಚರಿಕೆ ಬರುವಂಥದ್ದು. ಇದು ತಯಾರಕರಿಗೆ ಗೊತ್ತಿರುವ, ಇನ್ನೂ ಸರಿಮಾಡದ ದೋಷ. ನಾಲ್ಕನೆಯದು ತುಂಬಾ ಮುಖ್ಯ: ಹೊಸ ಫರ್ಮ್‌ವೇರ್ ಡಿಸ್ಕಿನ ಮೇಲಿನ ಬರವಣಿಗೆಯ ರೀತಿಯನ್ನೇ ಬದಲಿಸಿದರೆ ಹಳೆಯದಕ್ಕೆ ವಾಪಸ್ ಹೋಗಲು ಆಗುವುದಿಲ್ಲ. ಇಂಥದ್ದನ್ನು ‘ಮಿತಿ’ಯಡಿ ಏಳನೇ ಸಾಲಾಗಿ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

‘ನಿರ್ಬಂಧ’ ಹಾಕಬಹುದು ಅಂತ ಕೆಲವರು ಹೇಳಿದರು. ನನಗೆ ಒಗ್ಗಲಿಲ್ಲ. ‘ಭಾರೀ ವಾಹನಗಳ ಸಂಚಾರ ನಿರ್ಬಂಧಿಸಲಾಗಿದೆ’ ಅನ್ನುವಾಗ ತಡೆಯುವವರು ಒಬ್ಬರಿರುತ್ತಾರೆ, ಕೇಳಿಕೊಂಡರೆ ಒಮ್ಮೊಮ್ಮೆ ಬಿಡುತ್ತಾರೆ ಕೂಡ. ಯಂತ್ರದಲ್ಲಿ ಕೇಳಿಕೊಳ್ಳುವ ಮಾತೇ ಇಲ್ಲ. ‘ಇತಿಮಿತಿ’ ಮನುಷ್ಯರಿಗೇ ಚೆಂದ.

ಹಾಗಾಗಿ ನಾಮಪದ ಹುಡುಕುವುದನ್ನೇ ಬಿಟ್ಟು ಕ್ರಿಯಾಪದದ ಮೇಲೆ ವಿಂಗಡಿಸಿದರೆ ಹೇಗೆ ಅನ್ನಿಸಿದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಸಲಕರಣೆ ಮೊದಲೇ ಇದೆ. ‘ಆಗದು’ ಅಂದರೆ ಶಕ್ತಿಯಿಲ್ಲ. ‘ಕೂಡದು’, ‘ಬಾರದು’ ಅಂದರೆ ತಪ್ಪು. ‘ಬೇಡ’ ಅಂದರೆ ಸಲಹೆ. ಹಾಳೆಯಲ್ಲಿ ‘ಎಷ್ಟರವರೆಗೆ’, ‘ಆಗದ್ದು’, ‘ಮಾಡಕೂಡದ್ದು’, ‘ಸದ್ಯಕ್ಕೆ ಸರಿಯಿಲ್ಲದ್ದು’ ಎಂಬ ತಲೆಬರಹಗಳಿದ್ದರೆ ರಾತ್ರಿ ಮೂರು ಗಂಟೆಗೂ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ. ಹೊಸ ಅಂಶಗಳ ಭಾಗಕ್ಕೆ ‘ವೈಶಿಷ್ಟ್ಯ’ ಬೇಡ, ‘ಹೊಸದಾಗಿ ಬಂದದ್ದು’ ಸಾಕು. ಅಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ.

ಇನ್ನು ಅಪ್‌ಡೇಟ್ ವಿಷಯ. ‘ಅಡಚಣೆಯಿಲ್ಲದ ಅಪ್‌ಡೇಟ್’ ಅಂತ ಹೊಗಳಿ ಬರೆಯುತ್ತಾರೆ. ಬೆಂಗಳೂರಿನವರಿಗೆ ಪತ್ರಿಕೆಯ ‘ಇಂದು ವಿದ್ಯುತ್ ವ್ಯತ್ಯಯ’ ಗೊತ್ತಿರುವುದರಿಂದ ‘ವ್ಯತ್ಯಯವಿಲ್ಲದ’ ಎಂದರೂ ತಿಳಿಯುತ್ತದೆ. ಎರಡೂ ನನಗೆ ಜಾಸ್ತಿ ಅನ್ನಿಸುತ್ತವೆ. ಒಂದು ಕಂಟ್ರೋಲರ್ ಹೊಸ ಫರ್ಮ್‌ವೇರ್ ಹಾಕಿಕೊಂಡು ಏಳುವವರೆಗೆ ಇನ್ನೊಂದು ಪೂರ್ತಿ ಹೊರೆ ಹೊರುತ್ತದೆ, ಆಮೇಲೆ ಅದರ ಸರದಿ. ಆ ಹೊತ್ತಿನಲ್ಲಿ ಜೋಡಿ ಇಲ್ಲದ ಕಾರಣ ಎಷ್ಟೋ ಅರೇಗಳು ಕ್ಯಾಶ್‌ನಲ್ಲಿ (ಡೇಟಾವನ್ನು ತಾತ್ಕಾಲಿಕವಾಗಿ ಇಡುವ ವೇಗದ ಮೆಮೊರಿ) ಇಟ್ಟುಕೊಳ್ಳದೆ ನೇರ ಡಿಸ್ಕಿಗೇ ಬರೆಯುತ್ತವೆ, ಬರೆಯುವುದು ನಿಧಾನವಾಗುತ್ತದೆ. ಒಂದೇ ದಾರಿಯಲ್ಲಿ ಕೇಬಲ್ ಹಾಕಿರುವ ಸರ್ವರ್‌ಗೆ ಸಂಪರ್ಕವೇ ತಪ್ಪುತ್ತದೆ. ‘ಕೆಲಸ ನಿಲ್ಲದೆ ಅಪ್‌ಡೇಟ್’ ಎಂದು ಬರೆದು, ಕೆಳಗೆ ‘ನಿಧಾನವಾಗಬಹುದು, ಎರಡೂ ಕಂಟ್ರೋಲರ್‌ಗೆ ದಾರಿ ಇದೆಯೇ ಮೊದಲು ನೋಡಿ’ ಎಂದು ಸೇರಿಸುವುದು ಪ್ರಾಮಾಣಿಕ ಅನ್ನಿಸುತ್ತದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ನಮ್ಮ ಬೆಂಗಳೂರು, ಮೈಸೂರು ಕಡೆ ಆಡುಮಾತಿನಲ್ಲಿ ‘ಮಾಡೋ ಹಾಗಿಲ್ಲ’, ‘ಮಾಡಂಗಿಲ್ಲ’ ಅಂದರೆ ಅಪ್ಪಣೆ ಇಲ್ಲ ಎಂದರ್ಥ. ‘ಮಾಡೋಕಾಗಲ್ಲ’ ಅಂದರೆ ಸಾಧ್ಯವಿಲ್ಲ. ‘ಕೂಡದು’ ಎಂಬುದಕ್ಕಿಂತ ‘ಮಾಡುವ ಹಾಗಿಲ್ಲ’ ಹುಡುಗರ ಬಾಯಿಗೆ ಹತ್ತಿರ, ಅದನ್ನೇ ಬಳಸುವ ಆಸೆ ನನಗೆ. ಆದರೆ ಧಾರವಾಡ, ಹಾವೇರಿ ಕಡೆ ‘ನಾ ಬರಂಗಿಲ್ಲ’ ಅಂದರೆ ಬರುವುದಿಲ್ಲ ಅಂತಷ್ಟೇ. ಅಲ್ಲಿ ತಡೆಯ ಸೋಂಕೇ ಇಲ್ಲ. ಹಾಗಿದ್ದರೆ ‘ಅಪ್‌ಡೇಟ್ ವೇಳೆ ಡಿಸ್ಕ್ ಎಳೆಯುವ ಹಾಗಿಲ್ಲ’ ಎಂದು ಬರಹದಲ್ಲಿ ಕಂಡಾಗ ಆ ಕಡೆಯವರು ‘ಎಳೆಯಕೂಡದು’ ಎಂದು ಓದಿಕೊಳ್ಳುತ್ತಾರೋ, ‘ಎಳೆದರೆ ಬರುವುದಿಲ್ಲ’ ಎಂದೋ? ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ. ಕರಾವಳಿಯವರು ಇದೇ ಸಾಲನ್ನು ಹೇಗೆ ಬರೆಯುತ್ತೀರಿ ಎಂಬುದೂ ಬೇಕು. ಮುಂದಿನ ಹಾಳೆ ಅಚ್ಚಿಗೆ ಹೋಗುವ ಮೊದಲು ಈ ಒಂದು ಸಾಲು ಗಟ್ಟಿಯಾಗಬೇಕಿದೆ.