ಅಲ್ಟ್ರಾಸೌಂಡ್ ಮಂಜನ್ನು ಪ್ಲಾಸ್ಮಾ ಕೊಳವೆಗೆ ಬಿಡಬಹುದಾ?

ಕಿಡಿಗಣ್ಣ:
ಗಾಜಿನ ಕೊಳವೆಯಲ್ಲಿ ಸಣ್ಣದೊಂದು ಡಿಬಿಡಿ ಪ್ಲಾಸ್ಮಾ (ನಡುವೆ ಗಾಜಿನಂಥ ತಡೆ ಇಟ್ಟು ಹೈ ವೋಲ್ಟೇಜಿನಿಂದ ಗ್ಯಾಸನ್ನು ಹೊಳೆಯಿಸುವುದು) ಮಾಡಿಕೊಂಡಿದ್ದೇನೆ. ಒಳಗೆ ಕಂಬಿ, ಗಾಜಿನ ಹೊರಗೆ ತಾಮ್ರದ ಹಾಳೆ, ನಡುವೆ ನಿಮಿಷಕ್ಕೆ 2 ಲೀಟರ್ ಆರ್ಗಾನ್. ಇದಕ್ಕೆ ನೀರಾವಿ ಸೇರಿಸಿ 309 ನ್ಯಾನೋಮೀಟರ್ ಹತ್ತಿರದ ಓಎಚ್ (ನೀರಿನ ಅಣು ಒಡೆದಾಗ ಸಿಗುವ ತುಣುಕು) ಬೆಳಕು ನೋಡಬೇಕು. ಕುದಿಸಿದ ಹಬೆ ಬಿಟ್ಟರೆ ಕೊಳವೆ ತಣ್ಣಗಿರುವ ಕಡೆಯೆಲ್ಲಾ ನೀರು ಕೂತು ತೊಟ್ಟಿಕ್ಕುತ್ತದೆ. ಅದಕ್ಕೇ ಹ್ಯೂಮಿಡಿಫೈಯರ್‌ನಲ್ಲಿ ಇರುವಂಥ 1.7 ಮೆಗಾಹರ್ಟ್ಸ್ ಡಿಸ್ಕ್ ಹಾಕಿ ತಣ್ಣನೆಯ ಆವಿ ಮಾಡೋಣ ಅಂತಿದ್ದೇನೆ. ಗೆಳೆಯನೊಬ್ಬ "ಅದು ಆವಿಯೇ ಅಲ್ಲ, ಸುಮ್ನೆ ಪ್ಲಾಸ್ಮಾ ಆರಿಸ್ತೀಯ" ಅಂದ. ಯಾರಾದರೂ ಮಾಡಿ ನೋಡಿದ್ದೀರಾ?

ಹಳೇವಾಲ್ವ್:
ನಿಮ್ಮ ಗೆಳೆಯ ಹೇಳಿದ್ದು ಸರಿ. ಕಣ್ಣಿಗೆ ಬೆಳ್ಳಗೆ ಕಾಣುತ್ತಿದೆ ಅಂದರೆ ಅದು ಹನಿ. ಆವಿ ಕಾಣಿಸುವುದಿಲ್ಲ. ಡಿಸ್ಕ್ ಅದುರಿದಾಗ ನೀರಿನ ಮೇಲೆ ತೀರಾ ಸಣ್ಣ ಅಲೆಗಳೇಳುತ್ತವೆ, ಅವುಗಳ ತುದಿ ಕಿತ್ತು ಹಾರುತ್ತದೆ, ಅಷ್ಟೇ. 1962ರಲ್ಲಿ ಲ್ಯಾಂಗ್ ಅನ್ನುವ ಸಂಶೋಧಕ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ 1.7 ಮೆಗಾಹರ್ಟ್ಸ್‌ಗೆ ಹನಿ ಸುಮಾರು 3 ಮೈಕ್ರಾನ್. ಅದೇ 40 ಕಿಲೋಹರ್ಟ್ಸ್‌ದು ತಂದರೆ 35 ಮೈಕ್ರಾನ್, ಮೊದಲ ತಿರುವಿನಲ್ಲೇ ಗೋಡೆಗೆ ಹೊಡೆದು ನಿಲ್ಲುತ್ತದೆ.

ಈಗ ಅಸಲು ಮಾತು. ಡಿಸ್ಕ್ ನೀರನ್ನು ಪುಡಿ ಮಾಡಿದೆ, ಕುದಿಸಿಲ್ಲ. ಕುದಿಸುವ ಶಾಖ ಯಾರೋ ಒಬ್ಬರು ಕೊಡಲೇಬೇಕಲ್ವಾ? ನಿಮ್ಮ ಪ್ಲಾಸ್ಮಾ ಕೊಡಬೇಕು. ಒಂದು ಗ್ರಾಂ ನೀರನ್ನು ಕೋಣೆಯ ಬಿಸಿಯಿಂದ ಹಬೆ ಮಾಡಲು ಸುಮಾರು 2.6 ಕಿಲೋಜೌಲ್ ಬೇಕು. ನಿಮಿಷಕ್ಕೆ ಒಂದು ಗ್ರಾಂ ಮಂಜು ಹೋದರೂ 43 ವಾಟ್ ಅಲ್ಲಿಗೇ ಖರ್ಚು. ನಿಮ್ಮದು ಎಷ್ಟು ವಾಟ್?

ಕಿಡಿಗಣ್ಣ:
ಪ್ಲಗ್ಗಿನಲ್ಲಿ ಅಳೆದರೆ 60. ಪ್ಲಾಸ್ಮಾಗೆ ಅದರಲ್ಲಿ ಅರ್ಧವೂ ತಲುಪುವುದಿಲ್ಲ ಅನ್ಸುತ್ತೆ.

ಹಳೇವಾಲ್ವ್:
ಮತ್ತೆ ಕೇಳುವುದೇನಿದೆ ಗುರು!

ಬಿಳಿಕೋಟು:
ಸ್ವಲ್ಪ ತಾಳಿ ಸರ್, ಮಂಜನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಐಸಿಪಿ (ದ್ರಾವಣದಲ್ಲಿ ಯಾವ ಧಾತು ಎಷ್ಟಿದೆ ಅಂತ ಪ್ಲಾಸ್ಮಾದಿಂದ ಅಳೆಯುವ ಯಂತ್ರ) ಇದೆ, ದಿನವೂ ಪ್ಲಾಸ್ಮಾಗೆ ಮಂಜು ಕುಡಿಸುವುದೇ ನಮ್ಮ ಕೆಲಸ. ಈ ವಿಧಾನದ ಆರಂಭದ ದಿನಗಳಲ್ಲೇ, 1965ರಲ್ಲಿ, ವೆಂಡ್ಟ್ ಮತ್ತು ಫಾಸೆಲ್ ಅನ್ನುವ ಸಂಶೋಧಕರು ಅಲ್ಟ್ರಾಸೌಂಡ್ ಮಂಜು ಬಳಸಿದ್ದರು. ಗ್ಯಾಸ್ ಊದಿ ಸಿಂಪಡಿಸುವ ಮಾಮೂಲಿ ನೆಬ್ಯುಲೈಸರ್‌ನಲ್ಲಿ ದ್ರಾವಣದ 1–2% ಮಾತ್ರ ಪ್ಲಾಸ್ಮಾ ಮುಟ್ಟುತ್ತದೆ. ಅಲ್ಟ್ರಾಸೌಂಡಿನಲ್ಲಿ ಸುಮಾರು ಹತ್ತು ಪಟ್ಟು.

ಆದರೆ ಒಂದು ಒಪ್ಪಿಕೊಳ್ಳಬೇಕು. ನಮ್ಮದು ಕಿಲೋವಾಟ್ ದಾಟಿದ ಪ್ಲಾಸ್ಮಾ, ಅದಕ್ಕೂ ಇಷ್ಟು ನೀರು ಭಾರವೇ. ಆದ್ದರಿಂದ ಮಂಜನ್ನು ಮೊದಲು 140 ಡಿಗ್ರಿ ಸುಮಾರಿನ ಕೊಳವೆಯಲ್ಲಿ ಒಣಗಿಸಿ, ಆಮೇಲೆ 5 ಡಿಗ್ರಿ ಆಸುಪಾಸು ತಣಿಸಿ, ನೀರನ್ನು ಕೆಳಗಿಳಿಸಿ, ಹನಿಯಲ್ಲಿ ಕರಗಿದ್ದು ಒಣಗಿ ಉಳಿದ ಪುಡಿಯನ್ನಷ್ಟೇ ಒಳಗೆ ಕಳಿಸುತ್ತೇವೆ.

ಹಳೇವಾಲ್ವ್:
ಅಂದರೆ ಮಂಜು ಮಾಡಿ ಅದರ ನೀರನ್ನು ಹೊರಗೆ ಹಾಕುತ್ತೀರಿ. ನಾನು ಹೇಳಿದ್ದೇ ಆಯ್ತಲ್ಲ ಮೇಡಂ :)

ನೀರೇಇಂಧನ:
ನೀವೆಲ್ಲ ಪುಸ್ತಕದ ಲೆಕ್ಕ ಹಾಕುತ್ತಿದ್ದೀರಿ. ಅಲ್ಟ್ರಾಸೌಂಡ್ ನೀರಿನ ಅಣುವನ್ನು ಮೊದಲೇ ಸಡಿಲ ಮಾಡಿರುತ್ತದೆ. ಆಮೇಲೆ ಪ್ಲಾಸ್ಮಾದಲ್ಲಿ ಸುಲಭವಾಗಿ ಒಡೆಯುತ್ತದೆ. ಬಂದ ಹೈಡ್ರೋಜನ್ ಸುಟ್ಟರೆ ಹಾಕಿದ್ದಕ್ಕಿಂತ ಜಾಸ್ತಿ ಸಿಗುತ್ತದೆ, ವೀಡಿಯೋ ನೋಡಿದ್ದೇನೆ.

ಸೋಲ್ಡರ್‌ಕೈ:
ಅಣ್ಣಾ, ಒಂದು ಗ್ರಾಂ ನೀರನ್ನು 3 ಮೈಕ್ರಾನ್ ಹನಿ ಮಾಡಿದರೆ ಆ ಹೊಸ ಮೇಲ್ಮೈಯಲ್ಲಿ ಕೂಡಿಟ್ಟ ಶಕ್ತಿ ಎಷ್ಟು ಗೊತ್ತಾ? ಸುಮಾರು 0.15 ಜೌಲ್. ಅದೇ ಒಂದು ಗ್ರಾಂ ನೀರನ್ನು ಹೈಡ್ರೋಜನ್, ಆಕ್ಸಿಜನ್ ಅಂತ ಒಡೆಯಲು 15,900 ಜೌಲ್ ಬೇಕು. ಸುಟ್ಟಾಗ ಹೆಚ್ಚೆಂದರೆ ಅದೇ 15,900 ವಾಪಸ್ ಬರುತ್ತದೆ. ಸಾವಿರ ಮೆಟ್ಟಿಲಿನ ಬೆಟ್ಟ ಹತ್ತುವವನಿಗೆ ಒಂದು ಮೆಟ್ಟಿಲಿನ ನೂರನೇ ಒಂದು ಭಾಗ ಏರಿಸಿಕೊಟ್ಟ ಹಾಗಾಯಿತು.

ನೀರೇಇಂಧನ:
ನೀರಿನೊಳಗೆ ಗುಳ್ಳೆ ಕುಸಿದಾಗ ಸಾವಿರಾರು ಡಿಗ್ರಿ ಬಿಸಿಯಾಗುತ್ತದೆ ಅನ್ನುವುದೂ ಸುಳ್ಳಾ?

ಸೋಲ್ಡರ್‌ಕೈ:
ಸುಳ್ಳಲ್ಲ. ಅಲ್ಲಿ ಒಂದಿಷ್ಟು ಅಣು ಒಡೆಯುವುದೂ ನಿಜ. ಆದರೆ ಆ ಶಾಖವೂ ಡಿಸ್ಕಿನ ಪ್ಲಗ್ಗಿನಿಂದಲೇ ಬಂದದ್ದು. ಮೀಟರ್ ಹಾಕಿ ಎರಡೂ ಕಡೆ ಅಳೆದ ವೀಡಿಯೋ ಇದ್ದರೆ ಹಾಕಿ, ನೋಡೋಣ.

ಕಿಡಿಗಣ್ಣ:
ಜಗಳದ ನಡುವೆ ನನ್ನದೊಂದು ಗೋಳು. ಡಿಸ್ಟಿಲ್ಡ್ ನೀರು ಹಾಕಿದರೆ ಡಿಸ್ಕ್ ಆನ್ ಆಗುವುದೇ ಇಲ್ಲ, ನಲ್ಲಿ ನೀರಿಗೆ ಸರಿಯಾಗಿ ಓಡುತ್ತದೆ. ಚಿಟಿಕೆ ಉಪ್ಪು ಹಾಕಲಾ?

ಬಿಳಿಕೋಟು:
ಅಯ್ಯೋ, ಉಪ್ಪು ಮಾತ್ರ ಬೇಡ! ಸೋಡಿಯಂನ 589ರ ಹಳದಿ ಎಲ್ಲವನ್ನೂ ನುಂಗಿಹಾಕುತ್ತದೆ. ಅದು ಸಾಲದು ಅಂತ ಹನಿ ಒಣಗಿದಲ್ಲೆಲ್ಲ ಉಪ್ಪು ಕೂರುತ್ತದೆ, ಒದ್ದೆಯಾದ ಉಪ್ಪಿನ ಮೇಲೆ ಹೈ ವೋಲ್ಟೇಜ್ ದಾರಿ ಮಾಡಿಕೊಂಡು ಹೊರಗೆ ಹರಿದು ಬರುತ್ತದೆ.

ಸೋಲ್ಡರ್‌ಕೈ:
ಡಿಸ್ಕಿನ ಪಕ್ಕ ಒಂದು ಪಿನ್ ಇರಬೇಕು ನೋಡಿ. ನೀರಿನಲ್ಲಿ ಕರೆಂಟ್ ಹರಿದರೆ ಮಾತ್ರ ಅದು "ನೀರಿದೆ" ಅಂತ ನಂಬುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಹರಿಯುವುದು ತೀರಾ ಕಮ್ಮಿ. ಪಿನ್ ಕಿತ್ತುಹಾಕಬೇಡಿ, ಒಣಗಿ ಓಡಿದರೆ ಡಿಸ್ಕ್ ಸುಟ್ಟುಹೋಗುತ್ತದೆ. ಕೆಳಗೆ ನಲ್ಲಿ ನೀರು ಇರಲಿ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ತಳದ ಬಟ್ಟಲು ಇಟ್ಟು ಡಿಸ್ಟಿಲ್ಡ್ ನೀರು ಅದರೊಳಗೆ ಹಾಕಿ. ಅಲ್ಟ್ರಾಸೌಂಡ್ ಪ್ಲಾಸ್ಟಿಕ್ ದಾಟಿ ಹೋಗುತ್ತದೆ. ಔಷಧಿ ಕೊಡುವ ಅಲ್ಟ್ರಾಸೌಂಡ್ ನೆಬ್ಯುಲೈಸರ್‌ಗಳಲ್ಲೂ ಇದೇ ಉಪಾಯ.

ಹಳೇವಾಲ್ವ್:
ಇಷ್ಟೆಲ್ಲ ಯಾಕೆ? ಆರ್ಗಾನನ್ನು ನೀರಿನ ಬಾಟಲಿಯಲ್ಲಿ ಗುಳ್ಳೆ ಗುಳ್ಳೆಯಾಗಿ ಬಿಟ್ಟು ತನ್ನಿ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗ್ಯಾಸ್ ಹೆಚ್ಚೆಂದರೆ 23 ಗ್ರಾಂ ಆವಿ ಹೊರುತ್ತದೆ. ನಿಮ್ಮ 2 ಲೀಟರಿಗೆ ನಿಮಿಷಕ್ಕೆ 46 ಮಿಲಿಗ್ರಾಂ. ನಿಜವಾದ ತಣ್ಣನೆಯ ಆವಿ ಇದು, ಇದರ ಶಾಖವನ್ನು ಕೋಣೆಯೇ ಪುಕ್ಕಟೆ ಕೊಡುತ್ತದೆ. ಬಾಟಲಿ ಕೊಳವೆಗಿಂತ ಎರಡು ಡಿಗ್ರಿ ತಣ್ಣಗಿದ್ದರೆ ಎಲ್ಲೂ ನೀರು ಕೂರುವುದಿಲ್ಲ.

ಬಿಳಿಕೋಟು:
ಓಎಚ್ ನೋಡಲು ಅಷ್ಟು ಧಾರಾಳ ಸಾಕು, ಅದಕ್ಕಿಂತ ಕಮ್ಮಿಯೇ ಒಳ್ಳೆಯದು. ನೀರು ಜಾಸ್ತಿಯಾದರೆ ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಂಡು ಬೆಳಕನ್ನೂ ಕುಗ್ಗಿಸುತ್ತದೆ. ಹಾಗಂತ ಮಂಜೇ ದಂಡ ಅಂತ ನಾನು ಒಪ್ಪುವುದಿಲ್ಲ. ಹನಿಯೊಳಗೆ ಏನಾದರೂ ಕರಗಿಸಿ ಕಳಿಸಬೇಕಾದರೆ, ಅಥವಾ ಪ್ಲಾಸ್ಮಾದಿಂದ ಹನಿಯನ್ನೇ ಬದಲಾಯಿಸಬೇಕಾದರೆ, ಗುಳ್ಳೆ ಬಾಟಲಿಯಿಂದ ಏನೂ ಆಗದು.

ಹಳೇವಾಲ್ವ್:
ಅವರು ಕೇಳಿದ್ದು ಆವಿ.

ಕಿಡಿಗಣ್ಣ:
ಎರಡೂ ಮಾಡಿ ನೋಡಿದೆ. ಮಂಜು ಬಿಟ್ಟ ಒಂದೇ ನಿಮಿಷಕ್ಕೆ ಗಾಜಿನ ಒಳಗೆಲ್ಲ ಹನಿ ಕೂತು, ಬೆಳಕು ಅಲ್ಲಲ್ಲಿ ಎಳೆಎಳೆಯಾಗಿ ಒಡೆದು, ಒಂದು ಕಡೆ ಪಟಪಟ ಅಂತ ಸಿಡಿಯಲು ಶುರುವಾಯಿತು. ಆಫ್ ಮಾಡಿದೆ. ಬಾಟಲಿಯಲ್ಲಿ ಅರ್ಧ ಆರ್ಗಾನ್ ಗುಳ್ಳೆಯ ಮೂಲಕ, ಅರ್ಧ ನೇರವಾಗಿ ಬಿಟ್ಟಾಗ 309ರ ಗೆರೆ ಚೆನ್ನಾಗಿ ಕಂಡಿತು. ಪೂರ್ತಿ ಗುಳ್ಳೆಗೆ ತಿರುಗಿಸಿದರೆ ಮಂಕಾಗುತ್ತದೆ, ಮೇಡಂ ಹೇಳಿದಂತೆಯೇ.

ಸೋಲ್ಡರ್‌ಕೈ:
ಆ ಸಿಡಿದ ಜಾಗದಲ್ಲಿ ಗಾಜು ಬಿರುಕು ಬಿಟ್ಟಿದೆಯಾ ನೋಡಿದಿರಾ? ಮತ್ತೆ ಆನ್ ಮಾಡುವ ಮುಂಚೆ ನೋಡಿ.